ಮಾಡಿಕೊಡುವದೋ, ಕಲಿಸಿಕೊಡುವದೋ?



ಅಕ್ಷರ ಬಾರದವನ ಪತ್ರವನ್ನು ಅಕ್ಷರ ಬಲ್ಲವನು ಓದಿ ಹೇಳುವದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಒಳ್ಳೇ ಕೆಲಸವೆಂದು ಎಣಿಸಲ್ಪಟ್ಟಿದೆ. ಈಗ ಪತ್ರದ ಸ್ಥಾನಕ್ಕೆ ಮೊಬೈಲೂ ಪಾಸ್‌ಬುಕ್ಕೂ ಬಂದಿವೆ. ೨೦೧೪ರಲ್ಲಿ ಆರಂಭವಾದ ಜನಧನ ಯೋಜನೆಯಿಂದ ಬಹು ಮಂದಿ ಬಡವರಿಗೆ ಬ್ಯಾಂಕಿನ ಖಾತೆ ದೊರೆಯಿತು. ೨೦೧೬ರಲ್ಲಿ ಯುಪಿಐ ಬಂದು ಮೊಬೈಲಿನಲ್ಲಿಯೇ ಹಣ ಸಲ್ಲಿಸುವ ದಾರಿಯಾಯಿತು. ೨೦೨೩ರಲ್ಲಿ ನಮ್ಮ ರಾಜ್ಯದ ಗೃಹಲಕ್ಷ್ಮಿ ಯೋಜನೆಯು ಯಜಮಾನಿಯ ಖಾತೆಗೇ ತಿಂಗಳಿಗೆ ೨,೦೦೦ ರೂಪಾಯಿ ಸಲ್ಲುವ ಏರ್ಪಾಡನ್ನು ಮಾಡಿತು. ಪೆಟ್ಟಿಗೆಯು ದೊರೆಯಿತು, ಬೀಗದ ಕೈಯನ್ನು ತಿರುಗಿಸುವದು ಅನೇಕರಿಗೆ ತಿಳಿಯದು. ಹಾಗಾದರೆ ಬಲ್ಲವನು ಎಲ್ಲವನ್ನೂ ತಾನೇ ಮಾಡಿಕೊಡುವದು ಉಪಕಾರವೋ ಎಂಬದು ವಿಚಾರಿಸತಕ್ಕ ಪ್ರಶ್ನೆಯಾಗಿದೆ.

ನನ್ನ ತಪ್ಪನ್ನೇ ಹೇಳುವೆನು. ನೆರೆಮನೆಯ ವಿಧವೆಯಾದ ಒಬ್ಬ ಅಜ್ಜಿಯ ಎ.ಟಿ.ಎಂ. ಕಾರ್ಡನ್ನು ನಾನು ಎರಡು ವರುಷ ಇಟ್ಟುಕೊಂಡು, ಅದರ ಗುಪ್ತಸಂಖ್ಯೆಯನ್ನೂ ತಿಳಿದುಕೊಂಡಿದ್ದೆನು. ಒಂದು ಕಾಸನ್ನೂ ತಪ್ಪಿಸದ ಕಾರಣ ನನ್ನನ್ನು ನಾನೇ ಪ್ರಾಮಾಣಿಕನೆಂದು ಎಣಿಸಿದೆನು. ಒಮ್ಮೆ ನಾನು ಎಂಟು ದಿನ ಪರಸ್ಥಳಕ್ಕೆ ಹೋದಾಗ ಆಕೆಗೆ ಜ್ವರ ಬಂತು. ಖಾತೆಯಲ್ಲಿ ಹಣವಿತ್ತು, ಕಾರ್ಡು ನನ್ನ ಪೆಟ್ಟಿಗೆಯಲ್ಲಿತ್ತು. ಆಕೆ ಔಷಧಕ್ಕಾಗಿ ನೂರಕ್ಕೆ ತಿಂಗಳಿಗೆ ೫ ರೂಪಾಯಿ ಬಡ್ಡಿಯಂತೆ ಸಾಲ ಮಾಡಿದಳು. ಅಂದರೆ ವರುಷಕ್ಕೆ ನೂರಕ್ಕೆ ೬೦. ನಾನು ತಿರಿಗಿ ಬಂದಾಗ ಆಕೆ ಬೈಯಲಿಲ್ಲ. “ನನ್ನ ಹಣದ ಲೆಕ್ಕ ನಿಮಗೆ ಗೊತ್ತು, ಅಯ್ಯಾ, ನನಗೆ ಗೊತ್ತಿಲ್ಲ” ಎಂದಷ್ಟೇ ಹೇಳಿದಳು.

ನಾನು ಕದ್ದವನಲ್ಲ. ಆದರೂ ತನ್ನದನ್ನು ತಾನೇ ನಡಿಸುವ ಆಕೆಯ ಅಧಿಕಾರವನ್ನು ನನ್ನ ಕೈಯಲ್ಲಿ ಇಟ್ಟುಕೊಂಡಿದ್ದೆನು. ಇದಲ್ಲದೆ ಗುಪ್ತಸಂಖ್ಯೆಯನ್ನು ಪರರಿಗೆ ಹೇಳುವ ರೂಢಿಯನ್ನು ನಾನೇ ಆಕೆಗೆ ಕಲಿಸಿದೆನು. ಇಂದು ನನಗೆ ಹೇಳಿದವಳು ನಾಳೆ ಬ್ಯಾಂಕಿನವನೆಂದು ಫೋನು ಮಾಡುವ ವಂಚಕನಿಗೂ ಹೇಳಿಯಾಳು.

“ಮುದುಕರು ಕಲಿಯಲಾರರು, ತಪ್ಪಿದರೆ ನಷ್ಟವು ಅವರದೇ” ಎಂದು ಕೆಲವರು ಅನ್ನುವರು. ಇದು ಪೂರ್ತಿ ಸುಳ್ಳಲ್ಲ. ಆದರೆ ಸಂತೆಯಲ್ಲಿ ಚಿಲ್ಲರೆಯ ಲೆಕ್ಕ ತಪ್ಪದವಳು ನಾಲ್ಕು ಅಂಕಿಗಳನ್ನು ಕಲಿಯಲಾರಳೇ? ಅಜ್ಜಿಗೆ ಮೂರು ವಾರ ಹಿಡಿಯಿತು. ಆ ಮೇಲೆ ಕಾರ್ಡು ಆಕೆಯ ಸೆರಗಿನ ಗಂಟಿನಲ್ಲಿಯೇ ಉಳಿಯಿತು. ನಿಜವಾಗಿ ಕಲಿಯಲಾರದ ಕುರುಡರಿಗೂ ರೋಗಿಗಳಿಗೂ ನಾವು ಮಾಡಿಕೊಡತಕ್ಕದ್ದು. ಆದರೆ ಅವರ ಎದುರಿನಲ್ಲಿ, ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಿ, ರಸೀದಿಯನ್ನು ಅವರ ಕೈಗೇ ಕೊಟ್ಟು ಮಾಡತಕ್ಕದ್ದು.

ಕಲಿಸತಕ್ಕವು ಬಹಳವಿಲ್ಲ. ನಮಗೆ ಬರುವ ಹಣವನ್ನು ಪಡೆಯುವದಕ್ಕೆ ಯುಪಿಐ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಒತ್ತೆಂದು ಹೇಳುವವನು ವಂಚಕನು. ಓಟಿಪಿಯನ್ನು ಯಾರಿಗೂ ಹೇಳಬಾರದು. ಹೆಬ್ಬೆಟ್ಟು ಒತ್ತಿ ಹಣ ತೆಗೆದರೆ ರಸೀದಿಯನ್ನು ಕೇಳಬೇಕು. ತಿಂಗಳಿಗೊಮ್ಮೆ ಪಾಸ್‌ಬುಕ್ ಬರೆಸಬೇಕು. ಬಡ್ಡಿಯು ತಿಂಗಳಿನದೋ ವರುಷದ್ದೋ ಎಂದು ವಿಚಾರಿಸದೆ ಸಾಲ ಮಾಡಬಾರದು. ಮೋಸವಾದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ೧೯೩೦ಕ್ಕೆ ಫೋನು ಮಾಡಬೇಕು. ಯಾಕಂದರೆ ತಡವಾದಷ್ಟು ಹಣವು ಕೈ ದಾಟಿ ಹೋಗುವದು.

ಮಾಡಿಕೊಡುವದಕ್ಕೆ ಐದು ನಿಮಿಷ ಸಾಕು. ಕಲಿಸುವದಕ್ಕೆ ತಾಳ್ಮೆ ಬೇಕು. ಮಾಡಿಕೊಡುವವನ ಬಾಗಿಲಿಗೆ ಜನರು ದಿನಾಲು ಬರುವರು. ಕಲಿಸಿದವನ ಬಾಗಿಲಿಗೆ ಬರುವ ಅಗತ್ಯವೇ ತಪ್ಪುವದು. ಅವರು ಬರುವದು ನನಗೆ ಸಿಹಿಯಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆದಕಾರಣ, ವಾಚಕರೇ, ನಮ್ಮ ಉಪಕಾರವನ್ನು ನಾವು ಊರಲ್ಲಿರುವ ದಿನದಿಂದಲ್ಲ, ನಾವು ಇಲ್ಲದ ದಿನದಿಂದಲೇ ಅಳೆಯೋಣ.