ಮಣ್ಣಿಲ್ಲದ ಊರಿನ ವೀರಗಲ್ಲು

ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಊರಲ್ಲಿ ಯಾರಾದರೂ ತೀರಿಕೊಂಡರೆ ಓಣಿಯ ಮಂದಿಯೆಲ್ಲ ಮಣ್ಣಿಗೆ ಹೋಗುತ್ತಾರೆ. ಲಿಂಗಾಯತರ ಮನೆಯಾದರೆ ದೇಹವನ್ನು ಕೂಡಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿ ಸಮಾಧಿ ಮಾಡುತ್ತಾರೆ. ದೇಹವೂ ಇಲ್ಲದ, ಮಣ್ಣೂ ಇಲ್ಲದ ಕಡೆ ಸತ್ತವರಿಗೆ ಸಲ್ಲಿಸಿದ ಗೌರವ ನಿಜವಾದದ್ದೇ? ಆನ್‌ಲೈನ್ ಆಟಗಳು ಈ ಪ್ರಶ್ನೆಯನ್ನು ಎದುರಿಗೆ ತಂದು ನಿಲ್ಲಿಸಿವೆ.

ನಾರ್ವೆಯ ಮ್ಯಾಟ್ಸ್ ಸ್ಟೀನ್‌ಗೆ ಡುಶೆನ್ ಎಂಬ, ಸ್ನಾಯು ಸವೆಸುವ ರೋಗವಿತ್ತು. 2014ರ ನವೆಂಬರ್‌ನಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಗಾಲಿಕುರ್ಚಿಯಲ್ಲೇ ದಿನ ಕಳೆದ ಮಗನಿಗೆ ಗೆಳೆತನದ ಸುಖ ಸಿಗಲೇ ಇಲ್ಲವೆಂದು ಹೆತ್ತವರು ಮರುಗಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಕಾಣದ ಊರುಗಳಿಂದ ಪತ್ರಗಳು ಒಂದರ ಹಿಂದೊಂದು ಬಂದವು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಅವನು ಐಬೆಲಿನ್. ಕಟ್ಟುಮಸ್ತಾದ ಆಳು, ನೊಂದವರ ಮಾತಿಗೆ ಕಿವಿಯಾದವನು. ಕೆಲವು ಗೆಳೆಯರು ಅಂತ್ಯಕ್ರಿಯೆಗೇ ಬಂದರು. ಆಟದೊಳಗೆ ಕಾಲಿಟ್ಟೊಡನೆ ಒಂದು ಸುತ್ತು ಓಡಿ ಬರುವುದು ಐಬೆಲಿನ್‌ನ ರೂಢಿಯಾಗಿತ್ತು. ನಡೆಯಲಾಗದ ಹುಡುಗ ದಿನವೂ ಓಡಿದ ಆ ದಾರಿಯಲ್ಲೇ ಗೆಳೆಯರು ಮುಂದೆ ನೆನಪಿನ ಓಟ ನಡೆಸಿದರು.

ಇದೇ ಆಟದಲ್ಲಿ 2006ರಲ್ಲಿ ಬೇರೊಂದು ಸಂಗತಿ ನಡೆಯಿತು. ತೀರಿಕೊಂಡ ಆಟಗಾರ್ತಿಯೊಬ್ಬಳಿಗೆ ಗೌರವ ಸಲ್ಲಿಸಲು ಹಿಮದ ನಾಡಿನ ಕೆರೆಯ ಬಳಿ ಸಾಲಾಗಿ ನಿಂತಿದ್ದವರ ಮೇಲೆ ಎದುರಾಳಿ ಪಡೆ ಬಿದ್ದು ಕಡಿದುಹಾಕಿತು. ಆಟದ ನಿಯಮ ಅದನ್ನು ತಡೆಯಲಿಲ್ಲ. ಆದರೂ ನೊಂದವರು ಬಹಳ. ನಿಯಮ ಮುರಿಯದೆಯೂ ಪಾವಿತ್ರ್ಯ ಕೆಡಿಸಬಹುದಾದರೆ, ಕೆಡುವಂಥ ಪಾವಿತ್ರ್ಯ ಅಲ್ಲಿ ಇದ್ದೇ ಇತ್ತು.

ದೇಹವಿಲ್ಲದ ಕಡೆಯೂ ಸತ್ತವರಿಗೆ ಗೌರವ ಸಲ್ಲಿಸುವುದು ಕನ್ನಡ ನಾಡಿಗೆ ಹೊಸದಲ್ಲ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಕಲ್ಲಿನಡಿ ಅಸ್ಥಿ ಇರಲೇಬೇಕೆಂದಿಲ್ಲ. ಸತ್ತವನು ಯಾರಿಗಾಗಿ ನಿಂತ ಎಂಬುದು ಮುಖ್ಯ. 1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ರೈತರು ಗುಂಡಿಗೆ ಬಲಿಯಾದರು. ಇಂದಿಗೂ ಆ ದಿನ ನರಗುಂದದ ವೀರಗಲ್ಲಿಗೆ ರೈತರು ಮಾಲೆ ಹಾಕುತ್ತಾರೆ. ಆ ಕಲ್ಲನ್ನು ಜೀವಂತ ಇಟ್ಟಿರುವುದು ವರ್ಷವರ್ಷವೂ ಬರುವ ಜನ.

ಹಾಗಾದರೆ ಆಟದೊಳಗಿನ ಸ್ಮಾರಕಕ್ಕೆ ಕೊರತೆಯೇ ಇಲ್ಲವೇ? ಇದೆ. ಅದು ನಿಂತ ನೆಲ ಕಂಪನಿಯದು. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಭಾರತದಲ್ಲಿ ಅದರ ಸೇವೆ ನಿಂತಿತು. ಎಷ್ಟೋ ಹುಡುಗರು ಕೂಡುತ್ತಿದ್ದ ಕಟ್ಟೆಯೇ ಇಲ್ಲವಾಯಿತು. ಸ್ಥಾವರವನ್ನೇ ನೆಚ್ಚಬೇಡಿ ಎಂದು ಶರಣರು ಎಚ್ಚರಿಸಿದ್ದು ಇಲ್ಲಿಗೂ ಸಲ್ಲುತ್ತದೆ. ಸರ್ವರ್ ಕೂಡ ಸ್ಥಾವರವೇ. ಜಂಗಮವಾದದ್ದು ಗೆಳೆತನ.

ಆದ್ದರಿಂದ ಹಳ್ಳಿಯ ಹಿರಿಯರಲ್ಲಿ ಒಂದು ವಿನಂತಿ. ಆಡುತ್ತಿದ್ದ ಮಗ ಅಕಾಲದಲ್ಲಿ ಹೋದರೆ, ಬೀಗರಿಗೆ ಹೇಳಿ ಕಳಿಸುವಂತೆ ಅವನ ಆಟದ ಗೆಳೆಯರಿಗೂ ಸುದ್ದಿ ಮುಟ್ಟಿಸಿ. ಅವನು ಯಾರಿಗೆ ಏನಾಗಿದ್ದ ಎಂಬುದನ್ನು ಅವರ ಬಾಯಿಂದ ಕೇಳಿ. ಹೆತ್ತವರು ಕಾಣದ ಮಗನ ಅರ್ಧ ಬದುಕು ಅವರ ಬಳಿ ಇರಬಹುದು.