ಕೇಳುವ ಕಿವಿ ಯಾರದು?

ಒಂದು ರಾತ್ರಿ ನಮ್ಮ ಓಣಿಯಿಂದ 112ಕ್ಕೆ ಫೋನು ಹೋಯಿತು. ಚಹಾದಂಗಡಿ ಕಟ್ಟೆಮ್ಯಾಲೆ ಕೂತನೆಂದು ನಮ್ಮ ಹುಡುಗನೊಬ್ಬನಿಗೆ ಹೊಡೆದಿದ್ದರು. ಪೊಲೀಸ್ ಜೀಪು ಬರುವ ಮೊದಲೇ ಊರ ದೊಡ್ಡಮನಿಯ ಆಳು ಬಂದು ನಿಂತ: 'ಯಾಂವಲೇ ಪೊಲೀಸರಿಗೆ ಫೋನ್ ಹಚ್ಚಿದಾಂವ?' ಅವ್ವ ಬಾಗಿಲು ಹಾಕಿ ಕೇಳಿದಳು: 'ನಾವು ಸರಕಾರಕ್ಕ ಹೇಳಿದ್ದು ಅವರ ಕಿವಿಗೆ ಹೆಂಗ ಬಿತ್ತು?' ಮನೆತನದಲ್ಲಿ ಮೊದಲ ಬಿ.ಎ. ಮುಗಿಸಿದ ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಗೆಳೆಯ ನಕ್ಕ. 'ಅಮೆರಿಕಾದಾಗ ಮಂದಿ ಮನ್ಯಾಗ ಸ್ಕ್ಯಾನರ್ ಇಟ್ಕೊಂಡು ಪೊಲೀಸರ ವೈರ್‌ಲೆಸ್ ಮಾತು ಕೇಳ್ತಾರ. ಅದೊಂದು ಹವ್ಯಾಸ' ಅಂದ. ಹವ್ಯಾಸ! ಪೊಲೀಸರ ಮಾತು ಕೇಳಿ ಎದಿ ನಡುಗಿದವರಿಗೆ ಈ ಶಬ್ದ ವಿಚಿತ್ರ. ಆದರೂ ಯಂತ್ರ ತಿಳಿಯಬೇಕೆನಿಸಿತು.

ಹಿಂದೆ ಒಂದೊಂದು ಪೊಲೀಸ್ ಪಡೆಗೆ ಒಂದೊಂದು ಚಾನಲ್. ಅದರ ಮ್ಯಾಲೆ ಕಿವಿ ಇಟ್ಟರೆ ಸಾಕು, ಮಾತೆಲ್ಲಾ ಸಿಗುತ್ತಿತ್ತು. ಟ್ರಂಕಿಂಗ್ ವ್ಯವಸ್ಥೆ ಹಾಗಲ್ಲ. ನವಲಗುಂದದ ಕಡೆಯ ಓದುಗರಿಗೆ ಕಾಲುವೆ ನೀರಿನ ಪಾಳಿ ಗೊತ್ತು. ಹಂಗ ತಿಳೀರಿ: ಇರುವವು ಕೆಲವೇ ಚಾನಲ್, ಬಳಸುವ ಗುಂಪುಗಳು ಬಹಳ. ಒಂದು ಚಾನಲ್ ನೀರಗಂಟಿಯ ಕೆಲಸ ಮಾಡುತ್ತದೆ. ಪೇದೆ ಗುಂಡಿ ಒತ್ತಿದರೆ ಈ ನೀರಗಂಟಿ ಖಾಲಿ ಇರುವ ಚಾನಲ್ ಹುಡುಕಿ ಅವನ ಗುಂಪಿಗೆ ಬಿಡುತ್ತದೆ. ಮಾತು ಮುಗಿದರೆ ವಾಪಸು ಪಡೆಯುತ್ತದೆ. ಪ್ರಶ್ನೆ ಒಂದು ಚಾನಲ್‌ನಲ್ಲಿ, ಉತ್ತರ ಇನ್ನೊಂದರಲ್ಲಿ. ಹಳೆಯ ಸ್ಕ್ಯಾನರಿಗೆ ಬರೀ ತುಂಡುಮಾತು. ಹೊಸ ಸ್ಕ್ಯಾನರ್ ನೀರಗಂಟಿಯ ಸನ್ನೆಯನ್ನೇ ಓದಿ ಗುಂಪಿನ ನಂಬರು ಹಿಡಿದು ಹಿಂದೆ ಓಡುತ್ತದೆ.

ಅಂದರೆ ಟ್ರಂಕಿಂಗು ಬೀಗವಲ್ಲ, ಪಾಳಿ. ಬೀಗ ಬೇರೆಯೇ ಇದೆ. ಮಾತನ್ನೇ ಗೂಢಲಿಪಿ ಮಾಡಿ ಕಳಿಸಿದರೆ ಕೀಲಿ ಇದ್ದವನಿಗೆ ಮಾತ್ರ ಅರ್ಥ. ನ್ಯೂಯಾರ್ಕಿನ ಪೊಲೀಸರು 2023ರಿಂದ ಹಂತಹಂತವಾಗಿ ಈ ಬೀಗ ಹಾಕತೊಡಗಿದರು.

ನಮ್ಮ ದೇಶದಲ್ಲಿ ಕೇಳುವುದಕ್ಕೇ ಕಾನೂನಿನ ಅಡ್ಡಿ. ಪರವಾನಗಿ ಇಲ್ಲದೆ ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳುವುದೇ ಅಪರಾಧವೆಂದು 1933ರಲ್ಲಿ ಬ್ರಿಟಿಷರು ಕಾಯ್ದೆ ಬರೆದರು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅಕ್ರಮವಾಗಿ ಸಂದೇಶ ಕದ್ದು ಕೇಳಿದವರಿಗೆ 3 ವರ್ಷದವರೆಗೆ ಸೆರೆಮನೆ, 2 ಕೋಟಿವರೆಗೆ ದಂಡ. ಇದನ್ನು ಓದುವಾಗ ನಮಗೆ ಗೌತಮ ಧರ್ಮಸೂತ್ರ ನೆನಪಾಯಿತು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ, ಅರಗು ಹೊಯ್ಯಬೇಕೆಂದ ಗ್ರಂಥ ಅದು. ಎರಡೂ ಒಂದೇ ಎಂದು ಬರೆದರೆ ಚಪ್ಪಾಳೆ ಸಿಗಬಹುದು. ಆದರೆ ಅದು ಸುಳ್ಳು.

ಯಾಕಂದರೆ ಆ ರಾತ್ರಿ ಗಾಳಿಯಲ್ಲಿ ಹೋದದ್ದು ನಮ್ಮದೇ ಹೆಸರು, ನಮ್ಮದೇ ಓಣಿ. ಮಾನಭಂಗವಾದ ನಮ್ಮ ತಂಗಿಯ ವಿಳಾಸ ಪೆಟ್ಟಿಗೆ ಕೊಂಡವರಿಗೆಲ್ಲ ಕೇಳಬೇಕೇನು? ಬೇಡ. ಅಲ್ಲಿ ಬೀಗ ನಮ್ಮ ಕಡೆಗೇ ಇರಬೇಕು.

ಹಂಗಾದರೆ ಬೀಗ ಹಾಕಿದರೆ ಮುಗೀತೇ? ದೊಡ್ಡಮನಿಯವರ ಹತ್ರ ಸ್ಕ್ಯಾನರ್ ಇಲ್ಲ. ಅವರಿಗೆ ಬೇಕಾಗಿಯೂ ಇಲ್ಲ. ಅವರಿಗೆ ಕೂಡಿ ಚಹಾ ಕುಡಿಯುವ ಸಲಿಗೆ ಐತಿ, ಬೀಗತನ ಐತಿ, ಖಾಸಗಿ ಫೋನ್ ನಂಬರು ಐತಿ. ಗಾಳಿಗೆ ಹಾಕಿದ ಬೀಗ ಜಾತಿಯ ಕಿವಿಗೆ ತಾಗುವುದಿಲ್ಲ. ಮಾತು ಮುಚ್ಚಿದಾಗ ಹೊರಗೆ ಉಳಿಯುವವರು ನಾವೇ.

1980ರ ಜುಲೈ 21ರಂದು ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದ ರೈತರ ಮೇಲೆ ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿತು. 2016ರ ಜುಲೈನಲ್ಲಿ ಮಹದಾಯಿ ನ್ಯಾಯಮಂಡಳಿ ನಮ್ಮ ರಾಜ್ಯದ ಅರ್ಜಿ ತಳ್ಳಿದ ಮೇಲೆ ನವಲಗುಂದ ಉರಿಯಿತು. ಯಮನೂರಿನಲ್ಲಿ ಮುದುಕರು, ಹೆಂಗಸರೆನ್ನದೆ ಪೊಲೀಸರು ಬಡಿದದ್ದನ್ನು ಟಿ.ವಿ.ಯಲ್ಲಿ ನಾಡು ನೋಡಿತು. ಲಾಠಿ ಕಣ್ಣಿಗೆ ಕಾಣುತ್ತದೆ. ಲಾಠಿಗೆ ಮೊದಲು ಯಾರ ಬಾಯಿಂದ ಯಾವ ಮಾತು ಹೊರಟಿತೆಂಬುದು ಕಾಣುವುದಿಲ್ಲ. ಸರಕಾರದ ಮಾತು ಸರಕಾರದ ಕೃತ್ಯವೇ. ಅದಕ್ಕೆ ಲೆಕ್ಕ ಬೇಡವೇ?

ಆದ್ದರಿಂದ ನಾವು ಕದ್ದು ಕೇಳುವ ಕಿವಿ ಬೇಡುತ್ತಿಲ್ಲ. ಆ ಹೊತ್ತಿನಲ್ಲಿ ನೊಂದವರ ಹೆಸರು ಮುಚ್ಚಿರಲಿ. ಆಮೇಲೆ ಆಳುವವರ ಮಾತು ತೆರೆಯಲಿ. ಇದು ಹುಚ್ಚು ಆಸೆಯಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಮಿನಲ್ಲಿ ಎರಡೂ ಇವೆ: ಸಾಕ್ಷಿಗಳ ಹೆಸರು, ವಿಳಾಸ ಮರೆಮಾಡಲು ನ್ಯಾಯಾಲಯಕ್ಕೆ ಅಧಿಕಾರ, ನಡಾವಳಿಗಳ ವಿಡಿಯೋ ದಾಖಲೆ. ಮುಚ್ಚುವುದು ಯಾರಿಗಾಗಿ, ತೆರೆಯುವುದು ಯಾರಿಗಾಗಿ ಎಂಬುದೇ ನೀತಿಯ ಪ್ರಶ್ನೆ.

ಮಾಹಿತಿ ಹಕ್ಕಿನ ಅರ್ಜಿ ಬರೆದೆವು: ಫೋನು ಎಷ್ಟು ಗಂಟೆಗೆ ಬಂತು, ಜೀಪಿಗೆ ಯಾವಾಗ ಹೇಳಿದಿರಿ, ಜೀಪು ಯಾವಾಗ ಹೊರಟಿತು? ಅವ್ವನ ಮುಂದೆ ಓದಿದೆವು. ಓದು ಬಾರದ ಆಕೆ ಪೂರಾ ಕೇಳಿ ಅಂದಳು: 'ಜೀಪಿಂದಷ್ಟ ಯಾಕ ಕೇಳ್ತಿ? ನಮ್ಮ ಹೆಸರು ಮತ್ಯಾರಿಗೆ ಹೇಳಿದ್ರಿ ಅಂತನೂ ಕೇಳು.'

ಆ ಸಾಲನ್ನೂ ಸೇರಿಸಿದೆವು.