ಕುಂಡದಲ್ಲಿ ಬೆಳೆದ ಬ್ಯಾಡಗಿ

ಬೀಜ ಹೆಚ್ಚೋ, ನೆಲ ಹೆಚ್ಚೋ ಎಂಬ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರಕಾರರು ಹಿಂದೆಯೇ ಚರ್ಚಿಸಿದ್ದಾರೆ. ಊರು ಬಿಟ್ಟು ಬಂದು ನೆಲಸಿದ ನಮ್ಮಂಥವರಿಗೆ ಅದು ಬರಿಯ ಶಾಸ್ತ್ರಚರ್ಚೆಯಲ್ಲ. ಚೆನ್ನೈಯಲ್ಲಿ ಹುಟ್ಟಿ, ಇಲ್ಲಿಯ ನೀರು ಕುಡಿದು, ಇಲ್ಲಿಯ ಶಾಲೆಯಲ್ಲಿ ಕಲಿಯುವ ನಮ್ಮ ಮಕ್ಕಳನ್ನು ಯಾವ ಆಧಾರದ ಮೇಲೆ ಕನ್ನಡಿಗರೆನ್ನುತ್ತೇವೆ? ಇದನ್ನು ದೊಡ್ಡ ಮಾತುಗಳಿಂದ ಎದುರಿಸುವ ಬದಲು, ಅಡುಗೆಮನೆಯ ಡಬ್ಬಿಯಿಂದ ಒಂದು ಒಣಮೆಣಸಿನಕಾಯಿ ತೆಗೆದು ಮುಂದಿಟ್ಟುಕೊಂಡು ಯೋಚಿಸೋಣ.

ಸಾರಿನ ಪುಡಿಗೆ ಬ್ಯಾಡಗಿಯೇ ಆಗಬೇಕೆಂಬ ಹಟ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು. ಸುಕ್ಕುಗಟ್ಟಿದ ಆ ಕಾಯಿಯ ಗುಣವೇ ಅದು. ಅದರ ಬೀಜವನ್ನು ತಾರಸಿಯ ಕುಂಡದಲ್ಲಿ ಹಾಕುವವರೂ ನಮ್ಮಲ್ಲಿದ್ದಾರೆ. ಕೆಲಸ ಕಷ್ಟದ್ದಲ್ಲ. ಚೆನ್ನಾಗಿ ಹಣ್ಣಾಗಿ ಬಿಸಿಲಿನಲ್ಲಿ ಒಣಗಿದ, ತೀರಾ ಹಳೆಯದಲ್ಲದ ಕಾಯಿ ಬೇಕು. ಕಾಲಂಗುಲ ಆಳದಲ್ಲಿ ಬೀಜ ಹಾಕಿ, ಮಣ್ಣು ಹಸಿಯಾಗಿರುವಂತೆ ನೋಡಿಕೊಂಡರೆ ಸಾಕು. ನೀರು ಹೆಚ್ಚಾದರೆ ಎಳೆಯ ಸಸಿ ಬುಡದಲ್ಲೇ ಕೊಳೆತು ಬೀಳುತ್ತದೆ. ಮೊಳೆಯಲು 25ರಿಂದ 30 ಡಿಗ್ರಿ ಕಾವು ಬೇಕು. ಚಳಿದೇಶದವರು ಇದಕ್ಕಾಗಿ ಬೀಜದ ತಟ್ಟೆಯ ಕೆಳಗೆ ವಿದ್ಯುತ್ತಿನ ಶಾಖ ಕೊಡುತ್ತಾರೆ. ನಮಗೆ ಚೆನ್ನೈ ಅದನ್ನು ಕಾಸಿಲ್ಲದೆ ಕೊಡುತ್ತದೆ. ವಾರ ಹತ್ತು ದಿನಗಳಲ್ಲಿ ಮೊಳಕೆ; ಐದಾರು ವಾರ ಕಳೆದರೆ ದೊಡ್ಡ ಕುಂಡಕ್ಕೆ ನಾಟಿ. ಮೇ ತಿಂಗಳ ಬೇಗೆಯಲ್ಲಿ ಹೂವು ಉದುರಿಹೋಗುವುದರಿಂದ, ಹೂ ಬಿಡುವ ಕಾಲ ಬೇಸಗೆಗೆ ಸಿಕ್ಕದಂತೆ ಲೆಕ್ಕ ಹಾಕಿ ಬಿತ್ತಬೇಕು.

ಹೀಗೆ ಬೆಳೆದ ಕಾಯಿ ಬ್ಯಾಡಗಿಯೇ? ಕಾನೂನನ್ನು ಕೇಳಿದರೆ ಅಲ್ಲವೆನ್ನುತ್ತದೆ. 1999ರ ಭೌಗೋಳಿಕ ಸೂಚಕ ಕಾಯಿದೆಯಂತೆ 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಮಾನ್ಯತೆ ದೊರೆಯಿತು. ಆ ದಾಖಲೆ ಇಡುವ ಕಚೇರಿ ಇರುವುದು ನಮ್ಮ ಚೆನ್ನೈಯ ಗಿಂಡಿಯಲ್ಲೇ! ಗೊತ್ತುಪಡಿಸಿದ ಪ್ರದೇಶದಲ್ಲಿ ಬೆಳೆದದ್ದನ್ನು ಮಾತ್ರ ಆ ಹೆಸರಿನಲ್ಲಿ ಮಾರಬಹುದು. ಬೀಜ ಅದೇ, ಹೆಸರು ಮಾತ್ರ ಇಲ್ಲವೆಂದರೆ ಅನ್ಯಾಯವೆನಿಸಬಹುದು. ಆದರೆ ಹೆಸರು ಬಂದದ್ದು ಹೇಗೆ? ತಲೆತಲಾಂತರದಿಂದ ಒಳ್ಳೆಯ ಬೀಜವನ್ನು ಆರಿಸಿ ಉಳಿಸಿದವರು ಹಾವೇರಿ, ಧಾರವಾಡ, ಗದಗ ಸೀಮೆಯ ರೈತರು. ಮಳೆ ಕೈಕೊಟ್ಟಾಗ, ಬೆಲೆ ಬಿದ್ದಾಗ ನಷ್ಟ ಹೊರುವವರೂ ಅವರೇ. 2024ರ ಮಾರ್ಚಿಯಲ್ಲಿ ಬೆಲೆ ಕುಸಿದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಅವರ ಸಿಟ್ಟು ಭುಗಿಲೆದ್ದುದನ್ನು ನಾವು ಇಲ್ಲಿ ಕುಳಿತು ಪತ್ರಿಕೆಯಲ್ಲಿ ಓದಿದೆವು, ಅಷ್ಟೇ. ಕಷ್ಟದಲ್ಲಿ ಪಾಲಿಲ್ಲದವರು ಹೆಸರಿನ ಲಾಭದಲ್ಲಿ ಪಾಲು ಕೇಳುವುದು ನ್ಯಾಯವಲ್ಲ. ರಾಮನಾಥಪುರದ ಗುಂಡು ಮೆಣಸಿನಕಾಯಿಗೆ 2023ರಲ್ಲಿ ಸಿಕ್ಕ ಮಾನ್ಯತೆಗೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ನೆಲವೇ ಹೆಚ್ಚೇ? ಅಷ್ಟು ಬೇಗ ತೀರ್ಪು ಕೊಡುವಂತಿಲ್ಲ. ಮೆಣಸಿನಕಾಯಿಯೇ ನಮ್ಮ ನೆಲದ್ದಲ್ಲ. ಅಮೆರಿಕದ ಆ ಗಿಡ ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಅಲ್ಲಿಯವರೆಗೆ ನಮಗೆ ಖಾರವೆಂದರೆ ಕಾಳುಮೆಣಸು, ಶುಂಠಿ. ಬಂದ ಹೊಸಬನಿಗೆ ಕನ್ನಡ ಹಳಬನ ಹೆಸರನ್ನೇ ಹಚ್ಚಿತು: ಮೆಣಸಿನಿಂದ ಮೆಣಸಿನಕಾಯಿ. ತಮಿಳೂ ಹಾಗೆಯೇ ಮಾಡಿತು: ಮಿಳಗಿನಿಂದ ಮಿಳಗಾಯ್. ಇಂದು ಅದಿಲ್ಲದೆ ನಮಗೆ ಊಟವಿಲ್ಲ! ಆ ಗಿಡದ ಸ್ವಭಾವವೂ ಸಂಚಾರಕ್ಕೆ ಒಗ್ಗಿದ್ದು. ಅದರ ಖಾರ ಹಕ್ಕಿಗಳಿಗೆ ತಾಗುವುದಿಲ್ಲ. ಬೀಜವನ್ನು ಅಗಿದು ಹಾಳುಮಾಡುವ ಪ್ರಾಣಿಗಳನ್ನು ದೂರವಿಟ್ಟು, ನುಂಗಿ ದೂರಕ್ಕೆ ಒಯ್ಯುವ ಹಕ್ಕಿಗಳನ್ನು ಅದು ಹತ್ತಿರ ಕರೆಯುತ್ತದೆ.

ಇನ್ನೊಂದು ಸಂಗತಿ. ಪಕ್ಕದ ತಾರಸಿಯಲ್ಲಿ ಬೇರೆ ಜಾತಿಯ ಮೆಣಸಿನ ಗಿಡವಿದ್ದರೆ ಜೇನುನೊಣಗಳು ಪರಾಗವನ್ನು ಅಲ್ಲಿಂದಿಲ್ಲಿಗೆ ತರುತ್ತವೆ. ನಮ್ಮ ಗಿಡದ ಬೀಜದಿಂದ ಹುಟ್ಟುವ ಮುಂದಿನ ಗಿಡ ಬೆರಕೆಯಾಗಬಹುದು. ತಳಿ ಉಳಿಯಬೇಕೆಂದರೆ ಇಡೀ ತೋಟಕ್ಕೆ ಗೋಡೆ ಕಟ್ಟಬೇಕಾಗಿಲ್ಲ. ಒಂದೆರಡು ಗಿಡದ ಕೆಲವು ಹೂಗಳಿಗೆ ತೆಳುಬಟ್ಟೆಯ ಚೀಲ ಕಟ್ಟಿದರಾಯಿತು. ತಮ್ಮ ಪರಾಗದಿಂದಲೇ ಅವು ಕಾಯಿ ಕಟ್ಟುತ್ತವೆ. ಉಳಿದವು ಗಾಳಿ ಬೆಳಕಿನಲ್ಲಿ, ನೆರೆಹೊರೆಯ ಸಹವಾಸದಲ್ಲಿ ಬೆಳೆಯಲಿ.

ಮನೆಮಾತಿನ ವಿಷಯದಲ್ಲಿಯೂ ನಮಗೆ ಇಷ್ಟೇ ಸಾಧ್ಯ, ಇಷ್ಟು ಮಾಡಲೇಬೇಕು ಎನಿಸುತ್ತದೆ. ರಾತ್ರಿಯ ಊಟದ ಹೊತ್ತು, ಅಜ್ಜಿಯ ಕಥೆಯ ಹೊತ್ತು ಕನ್ನಡಕ್ಕೆ ಮೀಸಲಾಗಲಿ. ಉಳಿದ ವೇಳೆ ಮಗು ಬೀದಿಯ ತಮಿಳನ್ನು ಮನಸಾರೆ ಆಡಲಿ. ಅನ್ನ ಕೊಟ್ಟ ನೆಲದ ಭಾಷೆ ಅದು. “ಅಮ್ಮಾ, ತಣ್ಣಿ ಕೊಡು” ಎಂದ ಮಗುವನ್ನು, ಊರಿನಿಂದ ಬಂದ ನೆಂಟರ ಮುಂದೆ “ಇದೆಂಥ ಕನ್ನಡ!” ಎಂದು ನಗುವುದು ಬೇಡ. ನಾಲ್ಕು ಸಲ ನಗಿಸಿಕೊಂಡ ಮಗು ಐದನೆಯ ಸಲ ಕನ್ನಡದಲ್ಲಿ ಬಾಯಿ ಬಿಡುವುದಿಲ್ಲ. ತಪ್ಪು ಕನ್ನಡವನ್ನು ತಿದ್ದಬಹುದು. ಆಡದ ಕನ್ನಡವನ್ನು ತಿದ್ದುವುದು ಹೇಗೆ?

ಊರಿನ ಹೆಸರು ಆ ನೆಲದಲ್ಲಿ ದುಡಿದವರದು, ಅದನ್ನು ಗೌರವಿಸೋಣ. ಬೀಜವಾದರೋ ಬಿತ್ತಿ ನೀರೆರೆದವರೆಲ್ಲರದು. ನಮ್ಮ ಮಕ್ಕಳು ಕನ್ನಡಿಗರಾಗುವುದು ವಂಶದ ಬಲದಿಂದಲ್ಲ, ನಾವು ದಿನವೂ ಎರೆಯುವ ನೀರಿನಿಂದ. ಡಬ್ಬಿಯಲ್ಲಿ ಎಷ್ಟೇ ಜೋಪಾನವಾಗಿಟ್ಟರೂ ಮೆಣಸಿನ ಬೀಜ ಕೆಲವು ವರ್ಷಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಕಾಲ ಮೀರುವ ಮೊದಲೇ ಬಿತ್ತುವುದು ಮೇಲು.